ಬಳಿಯ ಲೆಕ್ಕ ಒಪ್ಪದ ಅಕ್ಕೋರು

ಹೋದ ತಿಂಗಳು ಹೊನ್ನಾವರದಲ್ಲಿ ನಮ್ಮ ಬಯಾಲಜಿ ಅಕ್ಕೋರಿಗೆ ಸಂತಾಪ ಸಭೆ ಇಟ್ಟಿದ್ದರು. ಮೂರು ಜನ ಮಾತಾಡಿದರು, ಮೂರು ಜನವೂ ಸುಳ್ಳು ಹೇಳಿದರು. ಮೊದಲನೆಯವರು ಅಕ್ಕೋರನ್ನು ಶಾಂತಮೂರ್ತಿ ಎಂದರು. ಎರಡನೆಯವರು, ಜೀವಮಾನದಲ್ಲಿ ಒಬ್ಬರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಮೂರನೆಯವರು ನಮ್ಮ ಕಾಲದ ಪ್ರಿನ್ಸಿಪಾಲರು. ಅವರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡು, ತಮಗೂ ಅಕ್ಕೋರಿಗೂ ಒಂದು ದಿನವೂ ಮಾತಿಗೆ ಮಾತು ಬಂದದ್ದಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಕೋಣೆಯ ಬಾಗಿಲನ್ನು ಅಕ್ಕೋರು ಎಳೆದು ಬಡಿದ ಸದ್ದು ಲ್ಯಾಬಿನ ತನಕ ಕೇಳಿರಲಿಲ್ಲವೇ? ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಆದರೆ ಅವರು ಇದ್ದ ಹಾಗೆ ಇರಲಿಕ್ಕಾದರೂ ಬಿಡಬೇಕಲ್ಲ ಮಾರಾಯ್ರೆ!

ಅವರು ಶಾಂತಮೂರ್ತಿ ಆಗಿರಲಿಲ್ಲ. ಸಿಟ್ಟು ಅವರ ಮೂಗಿನ ತುದಿಯಲ್ಲಿ ಇರುತ್ತಿತ್ತು. ಕುಳ್ಳಗೆ, ಕಪ್ಪಗೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತಲೆ, ಬಲಗೈಯಲ್ಲಿ ಗಂಡಸರ ವಾಚು. ಮಾತಾಡುವಾಗ ಎದುರಿನವರ ಮುಖಕ್ಕೆ ಮುಖ ಕೊಟ್ಟೇ ಮಾತಾಡುವುದು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತೇವೆ. ಆದರೆ ಹೊನ್ನಾವರದಿಂದ ಕುಮಟಾದವರೆಗೆ ಬರೀ ಅಕ್ಕೋರು ಎಂದರೆ ಸಾಕಿತ್ತು, ಯಾವ ಅಕ್ಕೋರು ಎಂದು ಯಾರೂ ಕೇಳುತ್ತಿರಲಿಲ್ಲ.

ಅವರ ಮನೆ ಕುಮಟಾದಲ್ಲಿ, ಕಾಲೇಜು ಹೊನ್ನಾವರದಲ್ಲಿ. ನನ್ನ ಅಪ್ಪ ಆ ದಾರಿಯಲ್ಲಿ ಟೆಂಪೋ ಓಡಿಸುತ್ತಿದ್ದ. ಇಪ್ಪತ್ತೆರಡು ವರ್ಷ ಅಕ್ಕೋರು ಬಂದದ್ದು ಅಪ್ಪನ ಟೆಂಪೋದಲ್ಲೇ, ಡ್ರೈವರ್ ಪಕ್ಕದ ಸೀಟಿನಲ್ಲೇ. ಆ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ ಅಪ್ಪನೇ ಎಬ್ಬಿಸುತ್ತಿದ್ದ. ಹಾಗೆಂದು ಅವರಿಬ್ಬರಿಗೆ ಆಗಿಬರುತ್ತಿತ್ತು ಎಂದುಕೊಳ್ಳಬೇಡಿ. ದಿನಾ ಜಗಳ. ಜನರನ್ನು ಬಂಗಡೆ ತುಂಬಿದ ಹಾಗೆ ತುಂಬುತ್ತೀರಿ ಎಂದು ಅಕ್ಕೋರು ಬೈಯುವುದು, ಹಾಗಾದರೆ ಇಳಿಸಬೇಕಾದವರನ್ನು ನೀವೇ ತೋರಿಸಿ ಎಂದು ಅಪ್ಪ ನಗುವುದು. ಪೇಪರು ತಿದ್ದುವುದೂ ಅದೇ ಸೀಟಿನಲ್ಲಿ, ತೊಡೆಯ ಮೇಲೆ. ರಸ್ತೆಯುಬ್ಬಿನಲ್ಲಿ ಟೆಂಪೋ ಹಾರಿದರೆ ಕೆಂಪು ಗೆರೆ ಪುಟದ ಆ ತುದಿಯ ತನಕ ಹೋಗುತ್ತಿತ್ತು. ಅಂಥ ಪೇಪರು ಸಿಕ್ಕವರು ಬಂದು ನನ್ನನ್ನು ಹಿಡಿಯುತ್ತಿದ್ದರು, ನಿನ್ನಪ್ಪನ ದೆಸೆಯಿಂದ ಎಂದು.

ನನ್ನ ಪರಿಚಯ ಇಷ್ಟು. ಊರು ಮಂಕಿ. ಭಟ್ಕಳದಲ್ಲಿ ಸಣ್ಣದೊಂದು ಔಷಧಿ ಅಂಗಡಿ ಇದೆ. ಬಿ.ಫಾರ್ಮ ಓದಿದ್ದೇನೆ, ಅದಕ್ಕೆ ಕಾರಣ ಅಕ್ಕೋರು. ಎರಡನೇ ಪಿಯುಸಿಯಲ್ಲಿ ಅವರು ಮಾಡಿದ ಒಂದು ಪಾಠ ನನ್ನನ್ನು ಹಿಡಿದು ಕೂರಿಸಿತು.

ಪುಸ್ತಕದಲ್ಲಿ ಅಂಗ ಕಸಿಯ ವಿಷಯ ಇದ್ದದ್ದು ನಾಲ್ಕೈದು ಸಾಲು. ಬೇರೆಯವರಾದರೆ ಓದಿಸಿ, ಅಡಿಗೆರೆ ಹೊಡೆಸಿ, ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಅಕ್ಕೋರು ನಾಲ್ಕು ದಿನ ತೆಗೆದುಕೊಂಡರು. ಮೊದಲ ದಿನ ಮುಂದಿನ ಬೆಂಚಿನವರನ್ನೆಲ್ಲ ಅಂಗೈ ಚಾಚಿ ನಿಲ್ಲಿಸಿದರು. ಒಬ್ಬನ ಕೈಯಲ್ಲಿ ಹುಣಸೆಬೀಜ, ಒಬ್ಬಳ ಕೈಯಲ್ಲಿ ಸೀಮೆಸುಣ್ಣದ ಚೂರು, ನನ್ನ ಕೈಯಲ್ಲಿ ಒಣಗಿದ ಶೆಟ್ಲಿ ಮೀನು. ಅದರ ನಾತ ಸಂಜೆಯ ತನಕ ಹೋಗಲಿಲ್ಲ. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಹೀಗೇ ಹೊರಮೈಯಲ್ಲಿ ಕೈ ಚಾಚಿಕೊಂಡು ಇರುತ್ತವೆ ಎಂದರು. ಕೈ ಎಂದರೆ ಒಂದು ಪ್ರೋಟೀನು, ಅದರ ಹೆಸರು ಎಚ್‌ಎಲ್‌ಎ. ಕೋಶದ ಒಳಗೆ ಏನೇನು ತಯಾರಾಗುತ್ತಿದೆಯೋ ಅದರ ಒಂದು ಚೂರನ್ನು ಆ ಕೈ ಹೊರಗೆ ಹಿಡಿದು ತೋರಿಸುತ್ತದೆ. ಮೈ ಕಾಯುವ ಟಿ ಕೋಶ ಅಲ್ಲಿಗೆ ಬಂದು ತಡವಿ ನೋಡುತ್ತದೆ. ಕೈ ಯಾರದು, ಕೈಯಲ್ಲಿ ಇರುವುದು ಏನು, ಎರಡನ್ನೂ ಒಟ್ಟಿಗೇ ನೋಡುತ್ತದೆ. ಕೈ ನಮ್ಮದೇ, ಹಿಡಿದದ್ದು ನಮ್ಮದೇ ಚೂರು ಎಂದಾದರೆ ಸುಮ್ಮನೆ ಮುಂದೆ ಹೋಗುತ್ತದೆ. ಕೈ ನಮ್ಮದು, ಆದರೆ ಹಿಡಿದದ್ದು ವೈರಸ್ಸಿನ ಚೂರು ಎಂದಾದರೆ ಆ ಕೋಶವನ್ನೇ ಕೊಲ್ಲುತ್ತದೆ. ಕೈಯೇ ಪರರದ್ದಾದರೆ? ಅದು ಪ್ರಾಣ ಉಳಿಸಲು ಬಂದ ಅಂಗ ಎಂದು ಟಿ ಕೋಶಕ್ಕೆ ಯಾರು ಹೇಳಬೇಕು? ಮೈಮೇಲೆ ಬೀಳುತ್ತದೆ.

ಎರಡನೇ ದಿನ ಟಿ ಕೋಶಗಳ ಶಾಲೆ. ಎದೆಗೂಡಿನ ಒಳಗಿರುವ ಥೈಮಸ್ ಗ್ರಂಥಿಯಲ್ಲಿ ಅವುಗಳಿಗೆ ಪರೀಕ್ಷೆ ನಡೆಯುತ್ತದೆ. ನಮ್ಮದೇ ಕೈಯನ್ನು ಗುರುತಿಸಲಾರದವು ಫೇಲು. ಗುರುತಿಸಿ, ಅದನ್ನೇ ಕಚ್ಚಲು ಹೋಗುವವೂ ಫೇಲು. ಫೇಲಾದವು ಅಲ್ಲೇ ಸಾಯುತ್ತವೆ. ಆ ವರ್ಷ ಬಯಾಲಜಿಯಲ್ಲಿ ಅರ್ಧ ಕ್ಲಾಸು ಡುಮ್ಕಿ ಹೊಡೆದಾಗ ಪ್ರಿನ್ಸಿಪಾಲರು ಕರೆಸಿ ಕೇಳಿದರಂತೆ. ಥೈಮಸ್ಸಿನ ರಿಸಲ್ಟ್ ಒಮ್ಮೆ ನೋಡಿ ಸಾರ್, ಅದರ ಮುಂದೆ ನನ್ನದು ಎಷ್ಟೋ ವಾಸಿ ಎಂದು ಹೇಳಿ ಅಕ್ಕೋರು ಎದ್ದು ಬಂದರಂತೆ. ಬಾಗಿಲು ಬಡಿದದ್ದು ಆವತ್ತೇ.

ಮೂರನೇ ದಿನ ಮಾವಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತು, ಒಂದೇ ಬಳಿಯವರ ಕೈ ಒಂದೇ ಥರ ಇರುತ್ತದೆ ಅಲ್ಲವೇ ಎಂದು ಕೇಳಿದಳು. ಬಳಿ ಎಂದರೆ ಗೋತ್ರದ ಹಾಗೆ ಒಂದು ಲೆಕ್ಕ, ಆದರೆ ನಮ್ಮ ಜಾತಿಯಲ್ಲಿ ಅದು ಬರುವುದು ತಾಯಿಯಿಂದ. ನಾನು, ನನ್ನ ತಂಗಿ, ಅಮ್ಮ, ಅಮ್ಮನ ಅಣ್ಣ ಒಂದು ಬಳಿ. ಅಪ್ಪ ಬೇರೆ ಬಳಿ. ಒಂದೇ ಬಳಿಯವರು ಒಂದೇ ರಕ್ತದವರು, ಅವರೊಳಗೆ ಮದುವೆ ಕೂಡದು. ಹಾಗಾಗಿ ಅಪ್ಪ ಎಂದರೆ ಅನ್ನ ಹಾಕುವವನು, ಹೊತ್ತು ಆಡಿಸುವವನು, ಎಲ್ಲಾ ಹೌದು, ಆದರೆ ರಕ್ತದ ಮಾತು ಬಂದಾಗ ಪರಬಳಿಯವನು. ಇದು ನಮಗೆ ಹಾಲು ಕುಡಿಯುವಾಗಲೇ ತಲೆಗೆ ಹೋಗಿರುತ್ತದೆ.

ಅಕ್ಕೋರು ಆ ಹುಡುಗಿಗೆ ಬೈಯಲಿಲ್ಲ. ಮಾರನೇ ದಿನ ನಾಲ್ಕು ಬಣ್ಣದ ಕಸೂತಿ ದಾರ ತಂದರು. ಅಮ್ಮನ ಹತ್ತಿರ ಕೈಯ ನಮೂನೆಯ ಎರಡು ಎಳೆ, ಅಪ್ಪನ ಹತ್ತಿರ ಎರಡು ಎಳೆ. ಮಗುವಿಗೆ ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಯಾವ ಮಗುವನ್ನು ತೆಗೆದುಕೊಂಡರೂ ಅಪ್ಪನದು ಅರ್ಧ ಕೂಡಿಯೇ ಕೂಡುತ್ತದೆ, ಅಮ್ಮನದೂ ಅಷ್ಟೇ. ಅಣ್ಣ-ತಂಗಿಯರದು ಪೂರ್ತಿ ಕೂಡಬಹುದು, ಅರ್ಧ ಕೂಡಬಹುದು, ಏನೂ ಕೂಡದೆಯೂ ಇರಬಹುದು. ಮಾವನದು ಅರ್ಧ ಕೂಡಿದರೆ ಕೂಡಿತು, ಇಲ್ಲದಿದ್ದರೆ ಇಲ್ಲ. ಬಳಿ ನಿಮ್ಮ ಮದುವೆಮನೆಗೆ ಬೇಕು, ಜೀವಕೋಶಕ್ಕೆ ಅದರ ಹೆಸರೂ ಗೊತ್ತಿಲ್ಲ ಎಂದರು. ಅಲ್ಲಿಗೇ ಬಿಡಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದನ್ನೇ ಪ್ರಶ್ನೆ ಹಾಕಿದರು. ನನಗೆ ಐದಕ್ಕೆ ಐದು ಬಂತು. ನನ್ನ ಉತ್ತರವನ್ನು ಕ್ಲಾಸಿನಲ್ಲಿ ಓದಿ ಹೇಳಿದರು, ಅದೂ ಎರಡು ಸಲ.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಅವಳನ್ನು ಕುಮಟಾದ ಹತ್ತಿರ ಹೊಳನಗದ್ದೆಗೆ ಕೊಟ್ಟಿತ್ತು. ಅವಳಿಗೆ ಒಬ್ಬಳು ಮಗಳು. ಮೂವತ್ತೊಂದನೇ ವಯಸ್ಸಿಗೆ ಕಾಲು ಊದಿತು, ಮುಖ ಊದಿತು, ನೋಡಿಸುವಷ್ಟರಲ್ಲಿ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಕಿಡ್ನಿ ಕಸಿ ಮಾಡಿಸಬೇಕಾದರೆ ಜಿಲ್ಲೆ ದಾಟಿ ದಕ್ಷಿಣಕ್ಕೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದವರು ಮೊದಲು ಕಲಿಯುವುದು ಹೆದ್ದಾರಿಯ ಮೈಲುಗಲ್ಲುಗಳನ್ನು. ಅಲ್ಲಿಯ ಡಾಕ್ಟರು, ಮನೆಯವರಲ್ಲಿ ಯಾರು ಕೊಡುತ್ತೀರಿ ಎಂದು ಗೊತ್ತುಮಾಡಿಕೊಂಡು ಬನ್ನಿ, ಆದಷ್ಟು ಬೇಗ ಬನ್ನಿ ಎಂದರು.

ಮಂಕಿಯ ಮನೆಯಲ್ಲಿ ಎಲ್ಲರೂ ಕೂತೆವು. ತಂಗಿಯದು ಓ ಗುಂಪು, ಕೊಡುವವರದೂ ಓ ಆಗಿರಬೇಕು. ಅಮ್ಮನದೂ ನನ್ನದೂ ಬಿ, ತಂಗಿಯ ಗಂಡನದು ಎ, ಹಾಗಾಗಿ ಮೂವರೂ ಹೊರಗೆ. ನಿಜ ಹೇಳುತ್ತೇನೆ, ನನ್ನದು ಬಿ ಎಂದು ನೆನಪಾದಾಗ ನನಗೆ ಒಳಗೊಳಗೇ ಹಾಯೆನಿಸಿತು. ಥೂ! ಅದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಉಳಿದದ್ದು ಅಪ್ಪ ಮತ್ತು ಅಮ್ಮನ ಅಣ್ಣ, ಅಂದರೆ ನಮ್ಮ ಮಾವ, ಇಬ್ಬರೂ ಓ. ಅಪ್ಪ ಗೋಡೆಗೆ ಒರಗಿ ಕೂತಿದ್ದವನು, ನಂದು ಕೊಡ್ತೆ ಎಂದ. ಇನ್ನೂ ಬಾಯಿ ಮುಚ್ಚಿರಲಿಲ್ಲ, ಮಾವ ಕೈ ಎತ್ತಿದ.

"ಭಾವ, ನೀವು ಸುಮ್ನಿರಿ. ಬಳಿ ಬೇರೆ, ನಿಮ್ದು ಕೂಡೂದಿಲ್ಲ. ನಮ್ಮ ಬಳಿ ಹುಡುಗಿ, ನಾ ಕೊಡ್ತೆ. ಮಾತು ಕೊಟ್ಟೆ, ಆತು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬಂದ ನೆಂಟರೆಲ್ಲ ಮಾವ ಎಂದರೆ ಹೀಗಿರಬೇಕು ಎಂದರು. ಅಪ್ಪ ತಲೆ ತಗ್ಗಿಸಿದ. ಬಳಿಯ ಹಿರಿಯ ಎಲ್ಲರ ಮುಂದೆ ಮಾತು ಕೊಟ್ಟ ಮೇಲೆ ಇನ್ನೊಬ್ಬರು ತಾನು ಕೊಡುತ್ತೇನೆ ಎನ್ನುವುದು ಅವನ ಮುಖಕ್ಕೆ ಹೊಡೆದ ಹಾಗೆ. ಅವನಾಗಿಯೇ ಆಗುವುದಿಲ್ಲ ಎನ್ನುವ ತನಕ ಕಾಯಬೇಕು. ಐದಕ್ಕೆ ಐದು ತೆಗೆದ ನಾನು ಅಲ್ಲಿಯೇ ಕಂಬದ ಹತ್ತಿರ ಕೂತಿದ್ದೆ. ಮಾವನಿಗೆ ಸಕ್ಕರೆ ಕಾಯಿಲೆ ಇದ್ದದ್ದೂ ನನಗೆ ಗೊತ್ತಿತ್ತು, ಮಾತ್ರೆ ಹೋಗುತ್ತಿದ್ದದ್ದು ನನ್ನ ಅಂಗಡಿಯಿಂದಲೇ. ನಾನು ಉಸಿರೆತ್ತಲಿಲ್ಲ. ಯಾಕೆ ಎಂದರೆ, ಅವನು ನನಗೆ ಎರಡು ಕಡೆಯಿಂದಲೂ ಮಾವ. ನನ್ನ ಹೆಂಡತಿ ಅವನ ಮಗಳು. ಅವನ ಮಾತಿಗೆ ಎದುರಾಡಿದರೆ ಎರಡೂ ಮನೆಯಲ್ಲಿ ರಾಮಾಯಣ ಆಗುತ್ತಿತ್ತು. ಅಷ್ಟೇ ಕಾರಣ, ಅದಕ್ಕಿಂತ ದೊಡ್ಡದೇನೂ ಇಲ್ಲ.

ಅಕ್ಕೋರು ಆ ಹೊತ್ತಿಗೆ ನಿವೃತ್ತರಾಗಿದ್ದರು, ಅಪ್ಪನ ಟೆಂಪೋ ಹತ್ತುವುದು ನಿಂತಿತ್ತು. ಕುಮಟಾ ಆಸ್ಪತ್ರೆಯ ಬಾಗಿಲಲ್ಲಿ ತಂಗಿಯನ್ನು ಕಂಡು ಸುದ್ದಿ ತಿಳಿದುಕೊಂಡರಂತೆ. ಮಾರನೇ ದಿನ ಬಸ್ಸು ಹತ್ತಿ ಭಟ್ಕಳಕ್ಕೆ, ನನ್ನ ಅಂಗಡಿಗೇ ಬಂದರು. ಕೌಂಟರಿನಲ್ಲಿ ಬುರ್ಖಾ ಹಾಕಿದ ಅಮ್ಮ ಒಬ್ಬರು ಮಗುವಿನ ಜ್ವರಕ್ಕೆ ಸಿರಪ್ಪು ಕೇಳುತ್ತಿದ್ದರು. ಅಕ್ಕೋರು ಅವರ ಸರದಿ ಮುಗಿಯಲು ಬಿಟ್ಟು ಆಮೇಲೆ ಶುರುಮಾಡಿದರು. ಮಾವ ಕೊಡುವುದಂತೆ, ಹೌದೇ? ಕಾನೂನಿನಲ್ಲಿ ಅಪ್ಪ ಹತ್ತಿರದ ಸಂಬಂಧಿ, ಮಾವ ಅಲ್ಲ. ಮಾವನದಾದರೆ ಸರ್ಕಾರದ ಕಮಿಟಿಯ ಮುಂದೆ ಹೋಗಿ ಒಪ್ಪಿಗೆ ತರಬೇಕು, ಅದಕ್ಕೆ ಎಷ್ಟು ದಿನ ಬೇಕು ಗೊತ್ತೇ? ಅಪ್ಪನದು ಅರ್ಧ ಕೂಡುತ್ತದೆ ಎಂದು ಬರೆದ ಗಿರಾಕಿ ನೀನೇ ಅಲ್ಲವೇ? ಅರ್ಧ ಕೂಡಿದರೆ ಮಾತ್ರೆ ಕೊಟ್ಟು ನಡೆಸುತ್ತಾರೆ, ಲೋಕವೆಲ್ಲ ಹಾಗೇ ನಡೆಯುತ್ತಿದೆ.

ಆಮೇಲೆ ಧ್ವನಿ ಇಳಿಸಿ ಹೇಳಿದ್ದನ್ನು ನಾನು ಮರೆತಿಲ್ಲ. "ಡಯಾಲಿಸಿಸ್ ಮೇಲೆ ಇದ್ರೆ ರಕ್ತ ಕಡಿಮೆ ಆಗ್ತದೆ, ಬಾಟ್ಲಿ ಏರಿಸ್ತಾರೆ. ಒಂದೊಂದು ಬಾಟ್ಲಿಯಲ್ಲೂ ಯಾರದೋ ಬಿಳಿ ಕಣ ಇರ್ತದೆ, ಅದ್ರ ಮೇಲೆ ಪರರ ಕೈ ಇರ್ತದೆ. ಅವ್ಳ ಮೈ ಅದ್ನ ಕಂಡು ದ್ವೇಷ ಕಲೀತದೆ. ಕಲ್ತದ್ದು ಮರೆಯೂದಿಲ್ಲ. ಇವತ್ತು ಅಪ್ಪಂದು ಆಗ್ತದೆ, ಆರು ತಿಂಗ್ಳು ಬಿಟ್ರೆ ಆಗ್ತದೆ ಹೇಳಿ ಯಾರೂ ಹೇಳೂಕಾಗೂದಿಲ್ಲ. ನಿನ್ನಪ್ಪಂಗೆ ನೀ ಹೇಳ್ತ್ಯಾ, ನಾ ಹೇಳ್ಲಾ?"

ನಾನೇ ಹೇಳುತ್ತೇನೆ ಎಂದೆ. ನೀವು ಬಂದರೆ ಮಾವನಿಗೆ ಅವಮಾನ ಆಗುತ್ತದೆ, ಎರಡು ದಿನ ಕೊಡಿ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಆತು ಎಂದು ಹೇಳಿ, ಬಂದ ದಾರಿಯಲ್ಲೇ ಬಸ್ಸು ಹಿಡಿದು ಹೋದರು. ಶಿಷ್ಯ ಎಂದು ನಂಬಿದರು. ಅವರ ಜೀವಮಾನದಲ್ಲಿ ಅಷ್ಟು ಸುಲಭಕ್ಕೆ ಯಾರನ್ನಾದರೂ ನಂಬಿದ್ದು ಅದೊಂದೇ ಸಲ ಇರಬೇಕು.

ನಾನು ಹೇಳಲಿಲ್ಲ. ಮೂರನೇ ದಿನ ಅವರ ಫೋನು ಬಂತು. ಹೇಳಿದೆ ಎಂದೆ. ಹದಿನೈದು ದಿನ ಬಿಟ್ಟು ಮತ್ತೆ ಬಂತು. ಅಪ್ಪನ ಟೆಸ್ಟು ನಡೆಯುತ್ತಾ ಇದೆ ಎಂದೆ. ಆಮೇಲಾಮೇಲೆ ಅವರ ನಂಬರು ಕಂಡರೆ ಫೋನನ್ನು ಔಷಧಿ ಡಬ್ಬಿಗಳ ಹಿಂದೆ ಇಟ್ಟುಬಿಡುತ್ತಿದ್ದೆ.

ಮಾವನ ನೆಪಗಳನ್ನು ಬರೆಯುತ್ತ ಕೂತರೆ ಹೊಟ್ಟೆ ಉರಿಯುತ್ತದೆ. ಬೋಟಿನ ಕೆಲಸ ಇದೆ, ಸೀಸನ್ನು ಮುಗಿಯಲಿ. ಕಮಿಟಿಗೆ ಕಾಗದ ಕೂಡಿಸಬೇಕು, ತಹಶೀಲ್ದಾರ್ ಆಫೀಸಿನಲ್ಲಿ ಜನ ಇಲ್ಲ. ಈ ತಿಂಗಳು ಗ್ರಹಚಾರ ನೆಟ್ಟಗಿಲ್ಲ. ಎಲ್ಲಿ ಹೋದರೂ ತಾನು ಕಿಡ್ನಿ ಕೊಡುವವನು ಎಂದು ಹೇಳಿಸಿಕೊಳ್ಳುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮಾವಳ್ಳಿಯಲ್ಲಿ ಅವನಿಗೆ ಸನ್ಮಾನವೂ ಆಯಿತು. ಶಾಲು ಹೊದೆಸಿದರು! ಕೊಡದ ಕಿಡ್ನಿಗೆ ಶಾಲು!

ಈ ಕಡೆ ತಂಗಿಗೆ ರಕ್ತದ ಮೇಲೆ ರಕ್ತ ಏರಿತು. ಒಂಬತ್ತು ಬಾಟಲಿ. ಒಂದು ಸಲ ನಾನು ಅವಳ ಹಾಸಿಗೆಯ ಹತ್ತಿರ ಕೂತಿದ್ದಾಗ, ಮಷಿನ್ನು ತಿರುಗುವುದನ್ನು ನೋಡುತ್ತಾ, ಮಾವ ಇಲ್ಲಿಯ ತನಕ ಬರುವಷ್ಟರಲ್ಲಿ ಈ ಮಷಿನ್ನಿಗೂ ನಮ್ಮ ಬಳಿ ಬಂದಿರುತ್ತದೆ ಎಂದು ನಕ್ಕಳು. ನಗು ನಿಲ್ಲಿಸಿ ಕೇಳಿದಳು, "ಅಣ್ಣಾ, ನೀ ಓದಿದವ. ಅಪ್ಪಂದು ಆಗೂದೇ ಇಲ್ವಾ?" ಮಾವ ಇದ್ದಾನಲ್ಲ ಎಂದೆ. ಅವಳು ಆಚೆ ತಿರುಗಿ ಮಲಗಿದಳು.

ಹತ್ತು ತಿಂಗಳಾದ ಮೇಲೆ ಮಾವ ಅಂತೂ ಇಂತೂ ಆಸ್ಪತ್ರೆಗೆ ಬಂದ. ಸಕ್ಕರೆ ಇದೆ, ನೀವು ಕೊಡುವ ಹಾಗಿಲ್ಲ ಎಂದು ಡಾಕ್ಟರು ಐದು ನಿಮಿಷದಲ್ಲಿ ವಾಪಸು ಕಳಿಸಿದರು. ಈಗ ಮರ್ಯಾದೆಗೆ ಧಕ್ಕೆ ಇಲ್ಲದೆ ಬಿಡುಗಡೆ ಆಯಿತಲ್ಲ, ಹೊರಗೆ ಬಂದು ಮಾವ ಎಲೆ-ಅಡಿಕೆಯ ಕವಳ ಹಾಕಿದ. ಅಪ್ಪ ಯಾರನ್ನೂ ಕೇಳದೆ ಅಂಗಿಯ ತೋಳು ಮಡಚಿ ರಕ್ತ ಕೊಡುವ ಸಾಲಿನಲ್ಲಿ ನಿಂತ. ಅವನ ಸಕ್ಕರೆ, ಬಿಪಿ, ಹೃದಯ ಎಲ್ಲಾ ಸರಿ ಇತ್ತು. ಅಂಗಾಂಶ ಅರ್ಧ ಕೂಡಿತ್ತು, ಕೂಡಲೇಬೇಕಿತ್ತು. ಕೊನೆಯದೊಂದು ಪರೀಕ್ಷೆ ಉಳಿದಿತ್ತು. ತಂಗಿಯ ರಕ್ತದ ತಿಳಿನೀರಿಗೆ ಅಪ್ಪನ ಬಿಳಿ ಕಣಗಳನ್ನು ಬಿಟ್ಟು ನೋಡುವುದು. ಬಿಟ್ಟರು. ಅಪ್ಪನ ಕಣಗಳೆಲ್ಲ ಸತ್ತವು. ಇನ್ನೊಮ್ಮೆ ಮಾಡಿದರು, ಆಗಲೂ ಸತ್ತವು.

ಡಾಕ್ಟರು ನನ್ನೊಬ್ಬನನ್ನೇ ಕೂರಿಸಿಕೊಂಡು ವಿವರಿಸಿದರು. ಅಪ್ಪನಲ್ಲಿದ್ದು ಅವಳಿಗೆ ಬಾರದ ಆ ಇನ್ನರ್ಧದಂಥದ್ದೇ ಏರಿಸಿದ ರಕ್ತದಲ್ಲಿ ಯಾರದೋ ಇತ್ತು, ಅವಳ ಮೈ ಅದರ ಮೇಲೆ ಆಯುಧ ಮಾಡಿಟ್ಟುಕೊಂಡಿದೆ, ಬಸಿರಾದಾಗಲೂ ಸ್ವಲ್ಪ ಮಾಡಿಕೊಂಡಿರಬಹುದು. ಈಗ ಈ ಕಿಡ್ನಿ ಇಟ್ಟರೆ ಟೇಬಲ್ಲಿನ ಮೇಲೇ ಕಪ್ಪಾಗುತ್ತದೆ. ಮೊದಲ ತಿಂಗಳಲ್ಲೇ ಇವರನ್ನು ಕರೆತಂದಿದ್ದರೆ ಬಹಳ ಮಾಡಿ ಆಗುತ್ತಿತ್ತು, ಯಾಕೆ ತರಲಿಲ್ಲ ಎಂದು ಕೇಳಿದರು. ನಾನು ಹೊರಗೆ ಬಂದು ಮನೆಯವರಿಗೆ ಒಂದೇ ಶಬ್ದ ಹೇಳಿದೆ, ಕೂಡುವುದಿಲ್ಲವಂತೆ.

ಮಾವ ಕವಳ ಉಗುಳಿ ಬಂದು, "ನಾ ಅವತ್ತೇ ಹೇಳ್ಲಿಲ್ವಾ, ಬಳಿ ಬೇರೆ" ಎಂದ. ಎಲ್ಲರೂ ಹೌದೆಂದರು. ಹತ್ತು ತಿಂಗಳ ಮೂರ್ಖತನ ಮಾಡಿದ ಕೊಲೆಯೇ ಆ ಮೂರ್ಖತನಕ್ಕೆ ಸಾಕ್ಷಿ ಹೇಳಿತು. ಅಪ್ಪ ಮಡಚಿದ ತೋಳನ್ನು ಬಿಡಿಸಿ ಗುಂಡಿ ಹಾಕಿಕೊಂಡ. ನಾಲ್ಕು ತಿಂಗಳಿಗೆ ತಂಗಿ ತೀರಿಕೊಂಡಳು.

ಇಲ್ಲಿ ಅಕ್ಕೋರ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಸಭೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಅಲ್ಲಿಂದ ಮುಂದೆ ಅವರು ಸಾಯುವ ತನಕ, ಆರು ವರ್ಷ, ಪ್ರತಿ ಶನಿವಾರ ಡಯಾಲಿಸಿಸ್ ನಡೆಯುವಲ್ಲಿ ಹೋಗಿ ಕೂರುತ್ತಿದ್ದರು. ರೋಗಿಗಳ ಮನೆಯವರನ್ನು ಹಿಡಿದು, ನಂದು ಕೊಡ್ತೆ ಎಂದು ಮೊದಲು ಬಾಯಿ ಬಿಟ್ಟವರು ಯಾರು, ಅವರನ್ನು ಮೊದಲು ಟೆಸ್ಟಿಗೆ ಕರೆದುಕೊಂಡು ಹೋಗಿ ಎಂದು ಗದರಿಸುತ್ತಿದ್ದರು. ಹೆಂಡತಿಯನ್ನು ಮುಂದೆ ತಳ್ಳಿ ತಾನು ಹಿಂದೆ ನಿಂತ ಗಂಡಸರಿಗೆ ಮಾಡಿದ ಮಂಗಳಾರತಿ ಗೇಟಿನ ತನಕ ಕೇಳುತ್ತಿತ್ತು. ಇವರ ಕಾಟ ಬೇಡ ಎಂದು ದೂರು ಹೋಗಿ ಎರಡು ಸಲ ಹೊರಗೆ ಹಾಕಿದರು. ಎರಡು ಸಲವೂ ಮುಂದಿನ ಶನಿವಾರ ಅಲ್ಲಿಯೇ ಇದ್ದರು. ಇಂಥವರನ್ನು ಶಾಂತಮೂರ್ತಿ ಎಂದು ಮಾಲೆ ಹಾಕಿ ಕೂರಿಸುತ್ತಾರಲ್ಲ, ಅದಕ್ಕೇ ನನಗೆ ರೇಗುವುದು. ಆ ಆರು ವರ್ಷ ಅವರು ನನ್ನ ಸಂಗಡ ಮಾತಾಡಲಿಲ್ಲ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೇ ಸಿಕ್ಕರೂ ನಾನು ಅಲ್ಲಿ ಇಲ್ಲವೆಂಬ ಹಾಗೆ ಹೋಗುತ್ತಿದ್ದರು.

ಅವರು ನನ್ನ ಸಂಗಡ ಕೊನೆಯ ಸಲ ಮಾತಾಡಿದ್ದು ತಂಗಿಯ ಹನ್ನೆರಡರ ದಿನ, ಮಂಕಿಯ ನಮ್ಮ ಮನೆಯಲ್ಲಿ. ಊಟ ಮುಗಿದಿತ್ತು. ಮಾವ ಜಗಲಿಯ ಕುರ್ಚಿಯಲ್ಲಿ ಇದ್ದ, ಅಪ್ಪ ಒಳಗೆ ನೆಲದ ಮೇಲೆ. ಅಕ್ಕೋರು ಹೆದ್ದಾರಿಯಿಂದ ರಿಕ್ಷಾ ಮಾಡಿಕೊಂಡು ಬಂದರು. ಅಪ್ಪ ಏಳಲು ಹೋದ, ಕೂತುಕೊಳ್ಳಿ ಡ್ರೈವರ್ರೇ ಎಂದು ತಾವೂ ಅವನ ಎದುರಿಗೆ ನೆಲದ ಮೇಲೆಯೇ ಕೂತರು. ಅಪ್ಪ ನೀರಿನ ಚೊಂಬನ್ನು ಅವರ ಕಡೆ ಸರಿಸಿದ. ಆಮೇಲೆ ಹೇಳಿದ, "ನಂದು ಅವ್ಳಿಗೆ ಆಗ್ಲಿಲ್ಲ ಅಕ್ಕೋರೇ. ಬಳಿ ಬೇರೆ ಅಲ್ದಾ. ಅಪ್ಪ ಹೇಳಿಸ್ಕಂಡು ಎಂತ ಉಪಯೋಗ ಆತು?"

ಟೆಸ್ಟು ಮಾಡಿಸಿದ್ದು ಯಾವಾಗ ಎಂದು ಅಕ್ಕೋರು ಕೇಳಿದರು. ಮಳೆ ಹಿಡಿದ ಮೇಲೆ ಎಂದ ಅಪ್ಪ. ಅವರು ನನ್ನ ಅಂಗಡಿಗೆ ಬಂದದ್ದು ಅದರ ಹಿಂದಿನ ಚೌತಿಯ ಹೊತ್ತಿಗೆ. ಅಕ್ಕೋರು ತಿರುಗಿ ನನ್ನನ್ನು ನೋಡಿದರು. ಎದ್ದು ಅಂಗಳಕ್ಕೆ ನಡೆದರು, ನಾನು ಹಿಂದೆ ಹೋದೆ. ತೆಂಗಿನ ಕಟ್ಟೆಯ ಹತ್ತಿರ ಅವರ ಕೈ ಹಿಡಿದುಕೊಂಡೆ. ಹೇಳಬೇಡಿ ಎಂದು ಬೇಡಿಕೊಂಡೆ. ಬಳಿಯಿಂದ ಆಗಲಿಲ್ಲ ಎಂದುಕೊಂಡೇ ಅವನು ಇರಲಿ, ಹಣೆಬರಹ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ, ತಾನು ಉಳಿಸಬಹುದಿತ್ತು ಎಂದು ಗೊತ್ತಾದರೆ ಬದುಕುವುದಿಲ್ಲ ಎಂದೆ. ಆಗ ನನಗೆ ಅದು ಅಪ್ಪನ ಮೇಲಿನ ಕರುಣೆಯೆಂದೇ ಅನಿಸಿತ್ತು.

ಅಕ್ಕೋರು ಕೈ ಕಿತ್ತುಕೊಂಡರು. "ಅಂವ ಸಾಯೂ ತನ್ಕ ತನ್ನ ರಕ್ತನೇ ಮಗ್ಳಿಗೆ ಆಗ್ದೇ ಹೋತು ಹೇಳಿ ತಿಳ್ಕಂಡು ಇರ್ಬೇಕಾ? ಎಂತಕ್ಕೆ? ನಿನ್ನ ಮಾನ ಉಳೀಲಿ ಹೇಳ್ಯಾ?"

ಒಳಗೆ ಹೋಗಿ ಮತ್ತೆ ಅಪ್ಪನ ಎದುರು ಕೂತರು. ಆವತ್ತು ಅವರು ಕೂಗಲಿಲ್ಲ. ಒಂದೊಂದೇ ಮಾತಾಗಿ ಹೇಳಿದರು. ಬಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಅವಳ ಮೈಯಲ್ಲಿ ಅರ್ಧ ನಿಮ್ಮದೇ ಇತ್ತು. ಮೊದಲ ತಿಂಗಳಲ್ಲೇ ಹೋಗಿದ್ದರೆ ನಿಮ್ಮದು ಆಗುತ್ತಿತ್ತು ಎಂದೇ ನನ್ನ ಲೆಕ್ಕ. ಕಾದ ದಿನಗಳಲ್ಲಿ ಏರಿದ ರಕ್ತ ಕೆಲಸ ಕೆಡಿಸಿತು, ನೀವಲ್ಲ. ಮಾವ ಜಗಲಿಯಿಂದ ಏನೋ ಹೇಳಲು ಬಾಯಿ ತೆಗೆದ. ಅಕ್ಕೋರು ಆ ಕಡೆ ತಿರುಗಲೂ ಇಲ್ಲ.

ಅಪ್ಪ ಕೇಳಿಸಿಕೊಂಡ. ಅರ್ಥವಾಗದ್ದನ್ನು ಎರಡು ಸಲ ಕೇಳಿ ತಿಳಿದುಕೊಂಡ. "ಹಂಗಾರೆ ನಂದು ಆಗ್ತಿತ್ತು" ಎಂದ, ಪ್ರಶ್ನೆಯ ಹಾಗೆ ಅಲ್ಲ. ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ.

"ಇದು ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.